ಒಡತಿಯ ಬೀಸಣಿಗೆ

ಪ್ಯಾರಿಸ್ಸಿನಲ್ಲಿ ಹನ್ನೊಂದು ವರ್ಷ ಮದಾಂ ಸಿದೋನಿಯ ಕಿನ್ನರಿ ಕತೆಗಳನ್ನು ನಕಲು ಮಾಡಿಕೊಟ್ಟವಳು ನಾನು. ಮಧ್ಯಾಹ್ನಗಳಲ್ಲಿ ಅವಳು ಹಾಸಿಗೆಯಲ್ಲಿ ಒರಗಿಯೇ ಅತಿಥಿಗಳನ್ನು ಬರಮಾಡಿಕೊಳ್ಳುತ್ತಿದ್ದಳು. ಮಂಚಕ್ಕೂ ಗೋಡೆಗೂ ನಡುವೆ ಕೂತ ಹೆಂಗಸರು ಸರದಿಯಂತೆ ಕತೆ ಹೇಳಬೇಕು. ಯಾರಾದರೂ ತಪ್ಪಿದರೆ ಅವಳು ಬೀಸಣಿಗೆಯನ್ನು ಫಟ್ಟೆಂದು ಮಡಚುವಳು. ನನಗೆ ಸರದಿಯೇ ಇರಲಿಲ್ಲ. ‘ಬರ್ಕೊಂಡು ಬಿದ್ದಿರು ಪೆರಿನ್, ನಿನ್ನ ಮೂತಿಗೆ ಕತೆ ಬೇರೆ ಕೇಡು’ ಎನ್ನುತ್ತಿದ್ದಳು.

ಕೊನೆಯ ಕತೆ ಅರ್ಧಕ್ಕೇ ನಿಂತಿದ್ದಾಗ ಅವಳು ಸತ್ತಳು. ಶವಪೆಟ್ಟಿಗೆಯಲ್ಲಿ ಅವಳ ಕೈಗೆ ಬೀಸಣಿಗೆ ಇಟ್ಟವಳು ನಾನೇ. ಉಯಿಲಿನಲ್ಲಿ ನನಗೆ ಸಿಕ್ಕಿದ್ದು ಆ ಮಂಚವೊಂದೇ.

ಜನವರಿಯಲ್ಲಿ ಅದೇ ಹೆಂಗಸರನ್ನು ನನ್ನ ಬಾಡಿಗೆ ಮನೆಗೆ ಕರೆದೆ. ಅದೇ ಮಂಚದಲ್ಲಿ ಒರಗಿ, ಅವಳು ಅರ್ಧಕ್ಕೇ ಬಿಟ್ಟ ಆ ಕತೆಯನ್ನು ನನ್ನದೆಂದು ಹೇಳತೊಡಗಿದೆ. ಬೆನ್ನ ಹಿಂದೆ ಹಾಸಿಗೆ ಮೆಲ್ಲಗೆ ತಗ್ಗಿತು. ಅಲ್ಲಿಂದ ಒದ್ದೆ ಕಲ್ಲಿನ ತಂಪು ಹತ್ತಿತು. ನಾನೇ ಕಟ್ಟಿದ ಮುಕ್ತಾಯಕ್ಕೆ ಬಂದಾಗ, ಫಟ್.

‘ಈ ಚಳೀಲಿ ಬೀಸಣಿಗೆ ತಂದಿರೋರು ಯಾರ್ರೀ?’ ಎಂದು ಸಿದೋನಿಯ ನಾದಿನಿ ಓದಿಲ್ ನಕ್ಕಳು. ಯಾರೂ ತಂದಿರಲಿಲ್ಲ. ಎಲ್ಲರೂ ಕೈಗಳನ್ನು ತುಪ್ಪಳದ ಹೊದಿಕೆಯೊಳಗೆ ಹುದುಗಿಸಿಕೊಂಡಿದ್ದರು.

ಮತ್ತೆ ಬಾಯಿ ತೆರೆದೆ. ಮತ್ತೆ ಫಟ್. ಮೂರನೆಯ ಸಲ ನನ್ನ ಬಾಯಿಂದ ಬೇರೆಯೇ ಮುಕ್ತಾಯ ಬಂತು. ನಾನು ಎಲ್ಲೂ ಓದಿರದ, ಎಂದೂ ಯೋಚಿಸಿರದ ಮುಕ್ತಾಯ. ಬೀಸಣಿಗೆ ಸದ್ದು ಮಾಡಲಿಲ್ಲ.

‘ಇದು ಅವಳದೇ ಕತೆ ಕಣೇ, ಕಳ್ಳಿ’ ಎಂದು ಓದಿಲ್ ಎದ್ದು ಹೋದಳು.

ಆ ಮುಕ್ತಾಯದಲ್ಲಿ ಕತೆಯ ದಾಸಿ ತನ್ನ ಒಡತಿಯ ಮಂಚದಲ್ಲೇ ಸಾಯುತ್ತಾಳೆ. ಅಂದಿನಿಂದ ನಾನು ಅಡುಗೆಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ನೆಲದ ಮೇಲೆ ಮಲಗುತ್ತೇನೆ.

ಏಳುವುದು ಮಾತ್ರ ಮಂಚದ ಮೇಲೆ.