ಅಕ್ಕ ಅಂಗಳಕ್ಕೆ ಬರುವ ಹೊತ್ತು

2024ರ ನವೆಂಬರ್ 11, ಸೋಮವಾರ. ಬೆಳಿಗ್ಗೆ 10 ಗಂಟೆ 10 ನಿಮಿಷಕ್ಕೆ ದಾಂಡೇಲಿಯ ಠಾಣೆಯ ಮೆಟ್ಟಿಲು ಹತ್ತಿದ ಗೋದುಬಾಯಿ, ದೂರು ಬರೆಸುವ ಮೊದಲೇ ಒಂದು ಮಾತು ಕೇಳಿದಳು.

"ಸತ್ತವರ ಮ್ಯಾಲೆ ಕಂಪ್ಲೇಂಟ್ ಕೊಡಾಕ ಬರತೈತೇನ್ರಿ?"

ಹೆಡ್ ಕಾನ್‌ಸ್ಟೇಬಲ್ ಮಹಾಬಳೇಶ್ವರ ಪೆನ್ನಿನ ಮುಚ್ಚಳ ತೆಗೆದವನು ಹಾಗೇ ಕೂತ. ಇಪ್ಪತ್ತೆಂಟು ವರ್ಷದ ಸರ್ವಿಸಿನಲ್ಲಿ ಕೋಳಿ ಕದ್ದವರಿಂದ ಹಿಡಿದು ಸಾಗವಾನಿ ಕದ್ದವರವರೆಗೆ ಎಲ್ಲರ ಮೇಲೂ ದೂರು ಬರೆದುಕೊಂಡಿದ್ದ. ಇಂಥದ್ದೊಂದು ಬಂದಿರಲಿಲ್ಲ. ಎದ್ದು ಹೋಗಿ ಇನ್‌ಸ್ಪೆಕ್ಟರ್ ವಿದ್ಯಾವತಿಯನ್ನು ಕರೆದ.

ಗೋದುಬಾಯಿಯನ್ನು ಕಂಡೊಡನೆ ವಿದ್ಯಾವತಿ ಗುರುತು ಹಿಡಿದಳು. ಈಕೆಯ ಮಗಳು ಸಹನಾ, ಇಪ್ಪತ್ತು ವರ್ಷದ ಕಂಪ್ಯೂಟರ್ ಡಿಪ್ಲೊಮಾ ವಿದ್ಯಾರ್ಥಿನಿ, ಆಗಸ್ಟ್ 11ರಂದು ಗಣೇಶಗುಡಿಯ ಹತ್ತಿರ ಕಾಳಿ ಹೊಳೆಯಲ್ಲಿ ಕಾಲು ಜಾರಿ ಕೊಚ್ಚಿ ಹೋಗಿದ್ದಳು. ಆರು ದಿನ ವಿದ್ಯಾವತಿಯೇ ನಿಂತು ಹುಡುಕಿಸಿದ್ದಳು. ದೇಹ ಸಿಕ್ಕಿರಲಿಲ್ಲ. ಮೊಸಳೆಗಳಿರುವ ಹೊಳೆ. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

"ಏನಾತ್ರಿ ಅವ್ವಾರ?"

"ಆಕಿ ಆಟದಾಗ ಬರಾಕತ್ತಾಳ್ರಿ. ಕಂಪ್ಯೂಟರಿನ ಆಟದಾಗ. ನನ್ನ ಮಗಾ ದುಂಡೇಶನ ಜೋಡಿ ಮಾತಾಡತಾಳ. ನಿನ್ನೆ ಅವಾ ಹೊಳಿಗೆ ಇಳಿದಿದ್ದ. ಎದಿಮಟ ನೀರಾಗ ನಿಂತಿದ್ನಂತ. ರಾಫ್ಟಿಂಗ್ ಹುಡುಗೂರು ಎಳಕೊಂಡ ಬಂದ್ರು." ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಆಕಿ ಬದುಕಿದ್ರ ಹುಡುಕಿ ಕೊಡ್ರಿ. ಸತ್ತಿದ್ರ, ಆಕಿ ಹೆಸರಿಲೆ ಕರ್ಯಾವ್ರನ್ನ ಹಿಡೀರಿ. ಒಬ್ಬಾಕಿನ್ನ ಹೊಳಿಗೆ ಕೊಟ್ಟೇನಿ. ಇನ್ನೊಬ್ಬನ್ನ ಕೊಡಾಕ ಆಗೂದಿಲ್ಲ."

11 ಗಂಟೆಗೆ ಎಫ್‌ಐಆರ್ ದಾಖಲಾಯಿತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ, ಅಂದರೆ ಇನ್ನೊಬ್ಬರ ಗುರುತನ್ನು ಕದ್ದು ಬಳಸಿದ್ದು. ಆರೋಪಿಯ ಹೆಸರಿನ ಮುಂದೆ ಮಹಾಬಳೇಶ್ವರ 'ಅಪರಿಚಿತ' ಎಂದು ಬರೆದ. ಆ ಹೆಸರು ಬರುವ ಇಂಟರ್ನೆಟ್ ಕನೆಕ್ಷನ್ ಯಾರದೆಂದು ತಿಳಿಸುವಂತೆ ಕಾರವಾರದ ಸೈಬರ್ ಠಾಣೆಗೆ ಪತ್ರ ಹೋಯಿತು. ಉತ್ತರಕ್ಕೆ ಹತ್ತು ದಿನ ಬೇಕೆಂದರು. ಎದೆಮಟ್ಟದ ನೀರಿನಲ್ಲಿ ನಿಂತ ಹುಡುಗ ಹತ್ತು ದಿನ ಕಾಯುತ್ತಾನೆಂದು ಯಾರು ಬರೆದುಕೊಡುತ್ತಾರೆ?

ಮಧ್ಯಾಹ್ನ ದುಂಡೇಶನ ವಿಚಾರಣೆ. ಹದಿನೇಳು ವರ್ಷದವನು, ಆಗಸ್ಟಿನಿಂದ ಕಾಲೇಜಿನ ಮುಖ ನೋಡಿರಲಿಲ್ಲ.

"ಯಾವ ಆಟ?"

"ಚೌಕ ಚೌಕ ಕಲ್ಲು ಜೋಡಿಸಿ ಊರು ಕಟ್ಟೂ ಆಟರಿ. ನಲವತ್ತು ಮಂದಿ ಆಡತೇವಿ. ಅದರೊಳಗ ಸಣ್ಣ ಆಟ ಹಾಕಿದಾಕಿ ಅಕ್ಕಾನ. ಲಗೋರಿ, ಕಣ್ಣಾಮುಚ್ಚಾಲೆ."

"ಆಕಿ ಎಲ್ಲಿ ಕಾಣತಾಳ?"

"ಕಣ್ಣಾಮುಚ್ಚಾಲೆ ಅಂಗಳದಾಗ ಅಷ್ಟ. ಊರಾಗ ಬರೂದಿಲ್ಲ."

"ಮಾತು ಆಕಿದ ಐತೇನು?"

"ಬದುಕಿದ್ದಾಗ ನನಗ ಬರೇ ಬೈತಿದ್ಲು. ಈಗ ಬಂದ ಕೂಡ್ಲೆ ಊಟ ಆತೇನು ಅಂತ ಕೇಳತಾಳ." ಮುಂದಿನದನ್ನು ಹುಡುಗ ತಾನಾಗಿಯೇ ಹೇಳಿದ. "ಶನಿವಾರ ಕೇಳಿದ್ನಿ, ಎಲ್ಲಿದ್ದೀ ಅಕ್ಕಾ ಅಂತ. ಹೊಳ್ಯಾಗ ಅಂದ್ಲು. ಅದಕ್ಕ ಹೋಗಿದ್ನಿ."

ವಿದ್ಯಾವತಿ ದೆವ್ವ ಪಿಶಾಚಿಗಳನ್ನು ನಂಬುವವಳಲ್ಲ. ಆದರೂ ಆ ಮಾತನ್ನು ಬಂದ ಹಾಗೇ, ಒಂದಕ್ಷರ ಬಿಡದೆ ಬರೆದುಕೊಂಡಳು.

ಆ ಆಟ ನಡೆಯುವ ಸರ್ವರ್ ನೋಡಿಕೊಳ್ಳುತ್ತಿದ್ದವನು ಹಳಿಯಾಳದ ರೊಜಾರಿಯೊ. ಸಿದ್ದಿ ಸಮುದಾಯದ ಇಪ್ಪತ್ತಾರರ ತರುಣ, ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಜೀಪು ಇಳಿಯುವಾಗಲೇ ಮಹಾಬಳೇಶ್ವರ, "ಇವಂದ ಕೆಲಸ, ಮೇಡಂ. ಕೀಲಿ ಇವನ ಕೈಯಾಗ ಐತಿ," ಎಂದು ಪಿಸುಗುಟ್ಟಿದ. ಕೀಲಿ ಇದ್ದವರೆಲ್ಲ ಕಳ್ಳರಾದರೆ ಪೂಜಾರಿಗಳೆಲ್ಲ ಜೈಲಿನಲ್ಲಿರಬೇಕಿತ್ತು ಎಂದು ವಿದ್ಯಾವತಿ ನಕ್ಕಳು.

"ಆಟದ ಊರಿನ ಬಾಗಲಾ ನಾ ಕಾಯತೇನ್ರಿ," ಎಂದ ರೊಜಾರಿಯೊ. "ಪಾಸ್‌ವರ್ಡ್ ಇಲ್ದ ಯಾರನ್ನೂ ಬಿಡೂದಿಲ್ಲ. ಆದ್ರ ಆಟದ ಅಂಗಳ ಜೋಡಿಸಿದಾಕಿ ಸಹನಾ. ಊರಿನಿಂದ ಬಂದವ್ರು ನಮ್ಮವ್ರ ಅಂತ ಅಲ್ಲಿ ಮತ್ತ ಪಾಸ್‌ವರ್ಡ್ ಕೇಳೂದಿಲ್ಲ. ಹೆಸರು ಅಷ್ಟ ನೋಡತೈತಿ."

"ಅಂದ್ರ ಯಾರ ಬೇಕಾದ್ರೂ ಆಕಿ ಹೆಸರಿಲೆ ಬರಬಹುದು?"

"ಇಲ್ರಿ. ಊರು ಬಿಟ್ಟು ಸೀದಾ ಅಂಗಳಕ್ಕ ಬರೂ ದಾರಿ ಒಂದ ಐತಿ. ಆಟ ಸರಿ ನಡೀತೈತೋ ಇಲ್ಲೋ ನೋಡಾಕ ಆಕಿ ತನ್ನ ಲ್ಯಾಪ್‌ಟಾಪಿನಾಗ ಇಟ್ಕೊಂಡಿದ್ಲು. ಆಮ್ಯಾಲೆ ಮುಚ್ಚತೇನಿ ಅಂದಿದ್ಲು." ಅವನು ತಲೆ ತಗ್ಗಿಸಿದ. "ಸತ್ತಾಕಿ ಹೆಸರು ಕಂಡ ದಿನ ನಾನಾದ್ರೂ ಆ ದಾರಿ ಮುಚ್ಚಬೇಕಿತ್ರಿ. ಕೈ ಬರಲಿಲ್ಲ."

ಯಾರು ಯಾವಾಗ ಬಂದರೆಂದು ಸರ್ವರ್ ತಾನೇ ಬರೆದಿಟ್ಟ ದಿನಚರಿಯ ಪ್ರತಿಯನ್ನು ಪಂಚ ಸಾಕ್ಷಿಗಳ ಎದುರು ವಶಪಡಿಸಿಕೊಂಡು, ಸಂಜೆ 5.40ಕ್ಕೆ ಪಂಚನಾಮೆ ಮುಗಿಸಿ ಹೊರಟರು.

ಮಂಗಳವಾರ ಬೆಳಿಗ್ಗೆ ವಿದ್ಯಾವತಿ ಆ ಹಾಳೆಗಳನ್ನು ಮೇಜಿನ ತುಂಬ ಹರಡಿದಳು. ಅಕ್ಟೋಬರ್ 14ರಿಂದ ಒಂದು ವಾರ ಸಹನಾಳ ಹೆಸರು ಬಂದದ್ದು ಸಂಜೆ ನಾಲ್ಕರಿಂದ ಏಳರೊಳಗೆ. ಮುಂದಿನ ವಾರ ಬೆಳಿಗ್ಗೆ ಎಂಟರಿಂದ ಹನ್ನೆರಡು. ಅದರ ಮುಂದಿನ ವಾರ ಮಧ್ಯಾಹ್ನ ಎರಡರಿಂದ ಐದು. ನಾಲ್ಕನೇ ವಾರ ಮತ್ತೆ ಸಂಜೆ. ಭಾನುವಾರ ಒಂದೂ ಇಲ್ಲ.

"ದೆವ್ವಕ್ಕೂ ವಾರದ ರಜಾ ಐತಿ ನೋಡ್ರಿ," ಎಂದ ಮಹಾಬಳೇಶ್ವರ.

ವಿದ್ಯಾವತಿ ನಗಲಿಲ್ಲ. ದಾಂಡೇಲಿಯ ಎಷ್ಟೋ ಜನರಂತೆ ಅವಳ ಅಪ್ಪನೂ ಊರಿನ ಕಾಗದದ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ ದುಡಿದವನು. ಮೊದಲ ಪಾಳಿಯ ವಾರ ಸಂಜೆ ಅಪ್ಪ ಸಿಗುತ್ತಿದ್ದ, ಎರಡನೇ ಪಾಳಿಯ ವಾರ ಬೆಳಿಗ್ಗೆ. ರಾತ್ರಿ ಪಾಳಿಯ ವಾರ ಮಧ್ಯಾಹ್ನದವರೆಗೆ ಮನೆಯಲ್ಲಿ ಯಾರೂ ಚಮಚ ಬೀಳಿಸುವಂತಿರಲಿಲ್ಲ. ಊರಿನ ಮಕ್ಕಳು ಕ್ಯಾಲೆಂಡರಿಗಿಂತ ಮೊದಲು ಕಲಿಯುವ ಲೆಕ್ಕ ಇದು. ಹಾಳೆಯ ಮೇಲಿದ್ದದ್ದು ಅದೇ ಲೆಕ್ಕ.

ಗೋದುಬಾಯಿಗೆ ಫೋನು ಹಚ್ಚಿದಳು.

"ಸಹನಾನ ಲ್ಯಾಪ್‌ಟಾಪ್ ಎಲ್ಲೈತ್ರಿ?"

"ಕೆಟ್ಟೈತಿ ಅಂತ ಮನಿಯವ್ರು ರಿಪೇರಿಗೆ ಕೊಟ್ಟಾರ್ರಿ. ಒಂದು ತಿಂಗಳಾತು."

"ಯಜಮಾನ್ರದು ಈ ವಾರ ಯಾವ ಪಾಳಿ?"

"ಎರಡನೇದು. ಯಾಕ್ರಿ?"

"ಸುಮ್ನ ಕೇಳಿದ್ನಿ," ಎಂದು ಫೋನಿಟ್ಟಳು. ದೀಪದ ಬುಡದಲ್ಲೇ ಕತ್ತಲು ಎನ್ನುತ್ತಾರಲ್ಲ, ಅದು ಸುಳ್ಳಾಗಲಿ ಎಂದು ಅವಳಿಗೆ ಆ ಹೊತ್ತು ಮನಸಾರೆ ಅನ್ನಿಸಿತು. ಆದರೆ ಮಿಲ್ಲಿನ ಹಾಜರಿ ಪುಸ್ತಕ ತರಿಸಿ ನೋಡಿದಾಗ ನಾಲ್ಕು ವಾರವೂ ತಾಳೆಯಾಯಿತು. ಗೋದುಬಾಯಿಯ ಗಂಡ ಮುದಕಪ್ಪ, ಅದೇ ಮಿಲ್ಲಿನಲ್ಲಿ ಯಂತ್ರಗಳ ಮೀಟರು, ಕಂಟ್ರೋಲು ನೋಡಿಕೊಳ್ಳುವ ಮೆಕ್ಯಾನಿಕ್. ಕಂಪ್ಯೂಟರ್ ಅವನಿಗೆ ಹೊಸದಲ್ಲ.

ನವೆಂಬರ್ 13, ಬುಧವಾರ. ಬೆಳಿಗ್ಗೆ 8.30ಕ್ಕೆ ಮುದಕಪ್ಪ ತರಕಾರಿ ಚೀಲ ಹಿಡಿದು ಮನೆಯಿಂದ ಹೊರಬಿದ್ದ. ಮಹಾಬಳೇಶ್ವರ ದೂರದಿಂದ ಹಿಂಬಾಲಿಸಿದ. ಎರಡು ಸಾಲು ಮನೆಗಳ ಆಚೆ, ನಿವೃತ್ತನಾಗಿ ಊರಿಗೆ ಹೋದ ಗೆಳೆಯನ ಖಾಲಿ ಕ್ವಾರ್ಟರ್ಸ್ ಇತ್ತು. ಮುದಕಪ್ಪ ಬೀಗ ತೆಗೆದು ಒಳಗೆ ಹೋದ. 8.55ಕ್ಕೆ ರೊಜಾರಿಯೊನ ಫೋನು ಬಂತು: "ಆಕಿ ಬಂದ್ಲ್ರಿ."

ಪಂಚರೊಂದಿಗೆ ವಿದ್ಯಾವತಿ ಒಳಹೊಕ್ಕಾಗ ಮುದಕಪ್ಪ ಬರಿಯ ನೆಲದ ಮೇಲೆ, ಮಗಳ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ. ಪರದೆಯ ಮೇಲೆ ಹಳದಿ ಅಂಗಿಯ ಗೊಂಬೆಯೊಂದು ಗೋಡೆಯ ಹಿಂದೆ ಅಡಗಿತ್ತು. ಕೆಳಗೆ 'ತಮ್ಮಾ, ಊಟ ಆತೇನು' ಎಂಬ ಸಾಲು. ಅವನು ಓಡಲಿಲ್ಲ, ಎದ್ದೂ ನಿಲ್ಲಲಿಲ್ಲ.

"ಯಾಕ್ರಿ ಮಾಡಿದ್ರಿ?"

"ಹುಡುಗ ಎರಡು ತಿಂಗಳು ಮಾತು ಬಿಟ್ಟಿದ್ದರಿ. ಕೂಳು ಬಿಟ್ಟಿದ್ದ. ಆಕಿ ಹೆಸರಿಲೆ ಒಮ್ಮೆ ಕರದ್ನಿ. ಆವತ್ತ ಎರಡು ರೊಟ್ಟಿ ತಿಂದ. ಆಮ್ಯಾಲೆ ನಿಲ್ಲಸಾಕ ಆಗಲಿಲ್ಲ."

"ಹೊಳ್ಯಾಗ ಅಂತ ಯಾಕ ಬರದ್ರಿ?"

ಮುದಕಪ್ಪ ತನ್ನ ಬೆರಳುಗಳನ್ನು ನೋಡಿಕೊಂಡ. "ಉಳಿದದ್ದೆಲ್ಲಾ ಸುಳ್ಳು ಬರದಿದ್ನಿ. ಅದೊಂದು ಬರ್ಯಾಕ ಬರಲಿಲ್ಲರಿ. ಆಕಿ ಅಲ್ಲೇ ಅದಾಳಲ್ರಿ. ಇವಾ ಹೋಗತಾನ ಅಂತ ಅನಿಸಿರ್ಲಿಲ್ಲರಿ."

"ಹೊಳಿಗೆ ಇಳದಾನ ಅಂತ ಗೊತ್ತಾದ ಮ್ಯಾಲೂ ಮತ್ತ ಬಂದು ಕುಂತೀರಲ್ರಿ?"

"ಹೊಳಿಗೆ ಹೋಗಬ್ಯಾಡ ಅಂತ ಹೇಳಾಕ ಬಂದಿದ್ನ್ರಿ. ನಾ ಹೇಳಿದ್ರ ಕೇಳೂದಿಲ್ಲ. ಆಕಿ ಹೇಳಿದ್ರ ಕೇಳತಾನ."

9.20ಕ್ಕೆ ದಸ್ತಗಿರಿ ಮಾಡಲಾಯಿತು. ಲ್ಯಾಪ್‌ಟಾಪಿಗೆ ಅರಗು ಮುದ್ರೆ ಹಾಕುವ ಮುನ್ನ ಅದನ್ನು ಮುಚ್ಚಬೇಕಿತ್ತು. ಆ ಹೊತ್ತಿಗೆ ಪರದೆಯಲ್ಲಿ ದುಂಡೇಶನ ಉತ್ತರ ಬಂದಿತ್ತು: 'ಆತು ಅಕ್ಕಾ. ನಿಂದು?' ವಿದ್ಯಾವತಿ ಪಂಚನಾಮೆಯಲ್ಲಿ ಆ ಸಾಲನ್ನೂ ಸೇರಿಸಿ, ಮುಚ್ಚಳ ಒತ್ತಿದಳು.

ಗೋದುಬಾಯಿ ಠಾಣೆಗೆ ಬಂದದ್ದು 11 ಗಂಟೆಗೆ. ಅರೆಸ್ಟಾದವನು ಯಾರೆಂದು ವಿದ್ಯಾವತಿ ಮೊದಲು ಹೇಳಿದಳು. ಮಗಳು ಬದುಕಿಲ್ಲವೆಂದು ಆಮೇಲೆ. ಎರಡನೆಯದನ್ನು ಹೇಳುವುದೇ ಕಷ್ಟವಾಯಿತು. ಈ ಕಲಮಿಗೆ ಠಾಣೆಯಲ್ಲೇ ಜಾಮೀನು ಸಿಗುತ್ತದೆ, ರಾಜಿ ಬೇಕಿದ್ದರೆ ಕೋರ್ಟಿನಲ್ಲಿ ಕೇಳಬಹುದು ಎಂದೂ ವಿವರಿಸಿದಳು. ಗೋದುಬಾಯಿ ಅದಾವುದನ್ನೂ ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ. ಸೀದಾ ಗಂಡನ ಮುಂದೆ ಹೋಗಿ ನಿಂತಳು. ಬಡಿದಾಳೆಂದು ಮಹಾಬಳೇಶ್ವರ ಕುರ್ಚಿ ಸರಿಸಿ ಎದ್ದ.

"ಒಂದು ತಿಂಗಳು ಅವನ ಜೋಡಿ ಮಾತಾಡಿಸಿದಿ ಆಕೀನ," ಎಂದಳು ಗೋದುಬಾಯಿ. "ನನ್ನ ಜೋಡಿ ಒಂದಿನಾನೂ ಯಾಕ ಮಾತಾಡಿಸಲಿಲ್ಲ?"

ಮುದಕಪ್ಪ ತಲೆ ಎತ್ತಿದ. "ನೀ ಒಂದ ಮಾತಿಗೆ ಗುರ್ತ ಹಿಡೀತಿದ್ದಿ."

"ಹಿಡೀತಿದ್ನಿ," ಎಂದಳು ಅವಳು. "ಹಿಡದೂ ಸುಮ್ಮನಿರತಿದ್ನಿ."