ಸೂಜಿ, ಶಾಲು, ಸೀರಿ

"ರಾವೂರಿನ ಅಂಕಿ ಸಹಜ ಇಲ್ರಿ."

ಆ ಎತ್ತರದ ಹುಡುಗ ತುಂಬಿದ ಸಭೆಯಲ್ಲಿ ಎದ್ದು ನಿಂತು ಹೀಗೆಂದಾಗ, ರಮಾಬಾಯಿಯ ಕೈಯಲ್ಲಿದ್ದ ಚಹಾ ಕಪ್ಪು ತುಟಿಯ ಹತ್ತಿರ ಬಂದು ಅಲ್ಲೇ ನಿಂತಿತು.

ಅದು ಕಲಬುರಗಿಯಲ್ಲಿ ವಿಶ್ವವಿದ್ಯಾಲಯದ ನಾಲ್ಕು ವಿಭಾಗಗಳು ಕೂಡಿ ನಡೆಸುತ್ತಿದ್ದ ದೊಡ್ಡ ಸಂಶೋಧನೆ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಸುತ್ತಿನ ಹಿರಿಯರ ಮರೆವಿನ ಅಧ್ಯಯನ. ರಸಾಯನ ವಿಜ್ಞಾನದವರು ನೀರು, ಧೂಳು ನೋಡುತ್ತಿದ್ದರು. ವೈದ್ಯಕೀಯದವರು ರಕ್ತ, ಬಿಪಿ ನೋಡುತ್ತಿದ್ದರು. ಮನೆಮನೆಗೆ ಹೋಗಿ ಹಿರಿಯರ ನೆನಪಿನ ಶಕ್ತಿಯನ್ನು ಅಳೆಯುವ ಕೆಲಸ ಮನೋವಿಜ್ಞಾನದ ಸಂಶೋಧಕಿ ರಮಾಳದು. ಎಲ್ಲರ ಅಂಕಿಗಳನ್ನೂ ಕೂಡಿಸಿ ಅವು ಏನು ಹೇಳುತ್ತವೆಂದು ಹೇಳಬೇಕಾದವನು ಗಣಿತ ವಿಭಾಗದ ಈ ಅಮರನಾಥ. ಚಿಂಚೋಳಿಯವನು. ಅವನನ್ನು ಅವಳು ನೋಡುತ್ತಿದ್ದುದು ಅದೇ ಮೊದಲು.

"ಸಹಜ ಇಲ್ಲ ಅಂದ್ರ? ನಾ ಮನ್ಯಾಗ ಕುಂತು ಬರದೀನಿ ಅಂತೀರೇನ್ರಿ?"

"ಹಂಗಲ್ರಿ, ನಾ ಹೇಳಿದ್ದು..."

"ತೊಂಬತ್ತಾರು ಮನಿ ತಿರಗೀನಿ. ಏಪ್ರಿಲ್ ಬಿಸಲಾಗ! ನಿಮ್ಮ ಕಂಪ್ಯೂಟರಿಗಿ ಬಿಸಲ ಹತ್ತಂಗಿಲ್ಲ, ಅದಕ್ಕೇನ್ ಗೊತ್ತಾಗಬೇಕು?"

ಸಭೆ ಗೊಳ್ಳೆಂದು ನಕ್ಕಿತು. ಅಮರನಾಥ ಮಾತು ಅರ್ಧಕ್ಕೇ ಬಿಟ್ಟು ಕೂತ. ಕೂತಮೇಲೂ ಅವನ ಕಣ್ಣು ಅವಳ ಕಡೆಗೇ ಇತ್ತು. ಅದರಲ್ಲಿ ಕೋಪವಿರಲಿಲ್ಲ, ಹೇಳಬೇಕಾದದ್ದನ್ನು ಹೇಳಲಾರದವನ ಒದ್ದಾಟವಿತ್ತು. ಅದನ್ನು ಕಂಡು ರಮಾಳಿಗೆ ಇನ್ನಷ್ಟು ಸಿಟ್ಟು ಬಂತು.

ಯೋಜನೆಯ ಮುಖ್ಯಸ್ಥರಾದ ಸಿದ್ದಲಿಂಗೇಶ ಸರ್ ಕನ್ನಡಕ ಒರೆಸಿಕೊಳ್ಳುತ್ತ ತೀರ್ಪು ಕೊಟ್ಟರು. "ಇಬ್ಬರೂ ಕೂಡಿ ನಾಳೆ ರಾವೂರಿಗಿ ಹೋಗ್ರಿ. ಹತ್ತು ಮಂದೀನ್ನ ಮತ್ತ ನೋಡ್ರಿ. ಜಗಳ ಟ್ರೇನಿನಾಗೇ ಮುಗಸ್ಕೊಂಡು ಬರ್ರಿ."

ರಮಾಳ ಸಿಟ್ಟಿಗೆ ಯಾರಿಗೂ ಹೇಳದ ಇನ್ನೊಂದು ಕಾರಣವಿತ್ತು. ರಾವೂರು ಅವಳದೇ ಊರು, ಮನೆಮನೆಯಿಂದಲೂ ಖಣಿಗೆ ದುಡಿಯಲು ಹೋದವರ ಊರು. ಅವಳ ಅಪ್ಪ ವಿಠೋಬಾ ಮೂವತ್ತೆಂಟು ವರ್ಷ ಕಲ್ಲಿನ ಖಣಿಯಲ್ಲಿ, ಕಲ್ಲು ಕೊಯ್ಯುವ ಯಂತ್ರದ ಬದಿಯಲ್ಲಿ ನಿಂತವನು. ಎರಡು ವರ್ಷದಿಂದ ಅವನಿಗೆ ಮರೆವು ಎಂದು ಊರೇ ಹೇಳುತ್ತಿತ್ತು. ಒಂದು ಕೇಳಿದರೆ ಇನ್ನೊಂದು ತರುತ್ತಿದ್ದ, ಕೇಳಿದ್ದಕ್ಕೆ ಸುಮ್ಮನೆ ನಕ್ಕು ತಲೆಯಾಡಿಸುತ್ತಿದ್ದ. ಕಟ್ಟೆಯ ಮೇಲೆ ಗೆಳೆಯರೊಡನೆ ಕೂರುವುದನ್ನೂ ಬಿಟ್ಟಿದ್ದ. ಊರಿನ ತೊಂಬತ್ತಾರು ಹಿರಿಯರನ್ನು ಪರೀಕ್ಷಿಸಿದ ಮಗಳು ಅಪ್ಪನೊಬ್ಬನನ್ನು ಪರೀಕ್ಷಿಸಿರಲಿಲ್ಲ. ಧೈರ್ಯ ಬಂದಿರಲಿಲ್ಲ.

ಮರುದಿನ ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಅವನು ಎದುರು ಸೀಟಿನಲ್ಲಿ ಕೂತ. ಅವಳು ಕಿಟಕಿಯ ಹೊರಗೆ ನೋಡಿದಳು. ಕಿಟಕಿಯ ಗಾಜಿನಲ್ಲೂ ಅವನೇ ಕಾಣುತ್ತಿದ್ದ. ಎಣ್ಣೆ ಹಚ್ಚಿ ಬಾಚಿದ ಕೂದಲು ಗಾಳಿಗೆ ಎದ್ದು ನಿಂತಿತ್ತು.

"ಸಿಟ್ಟು ಇಳದದೇನ್ರಿ?"

"ಶಹಾಬಾದ ಇನ್ನಾ ದಾಟಿಲ್ಲ."

"ದಾಟಿದ ಮ್ಯಾಲ?"

"ವಾಡಿ ತನಕ ವಿಚಾರ ಮಾಡ್ತೀನಿ."

ಅವನು ಬಹಳ ಗಂಭೀರವಾಗಿ ಗಡಿಯಾರ ನೋಡಿಕೊಂಡ. "ಹಂಗಂದ್ರ ಇನ್ನಾ ಮೂವತ್ತೊಂದು ನಿಮಿಷ."

ನಗು ಬಂದದ್ದು ಕಾಣಬಾರದೆಂದು ರಮಾ ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದಳು. ಗಾಜಿನಲ್ಲಿ ಅವನಿಗದು ಕಂಡಿತು. ಕಂಡಿತೆಂಬುದು ಅವಳಿಗೂ ಕಂಡಿತು.

ವಾಡಿಯಲ್ಲಿ ಇಳಿದು ಟಂಟಂ ಆಟೋ ಹತ್ತಿ ರಾವೂರು ಸೇರಿದರು. ಮೊದಲ ಮನೆ ಲಾಲಮ್ಮನದು. ಎಪ್ಪತ್ತರ ಮುದುಕಿ, ಅರ್ಧ ಆಯುಷ್ಯ ಖಣಿಯಲ್ಲಿ ಕಲ್ಲು ಹೊತ್ತವಳು. ಅಮರನಾಥನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾರವ್ವಾ ಇಂವ? ನಮಗ ಹೇಳ್ಲಾರದಂಗ ಮದಿವಿ ಮಾಡ್ಕೊಂಡೇನು?" ಎಂದಳು.

"ಅಲ್ಲಬೇ! ಲೆಕ್ಕದ ಸರ್!"

"ಪಕ್ಕದ ಊರ? ಚಲೋ ಆತು ಬಿಡು. ತವರಮನಿ ಹತ್ತರಾ ಆಗ್ತದ."

ರಮಾ ಮುಖ ಬಗ್ಗಿಸಿ ಫಾರ್ಮು ತೆರೆದಳು. ಅಮರನಾಥ ಮಾತ್ರ ಮುದುಕಿಯನ್ನೇ ದಿಟ್ಟಿಸಿ ನೋಡುತ್ತಿದ್ದ, ಏನೋ ಹೊಳೆಯುವ ಹಾಗಿದೆ, ಹೊಳೆಯುತ್ತಿಲ್ಲ ಎಂಬಂತೆ.

ಪರೀಕ್ಷೆ ಸರಳವಾದದ್ದು. ಹತ್ತು ಪದ ಓದಿ ಹೇಳುವುದು, ಸ್ವಲ್ಪ ಹೊತ್ತು ಬಿಟ್ಟು ಅವನ್ನು ತಿರುಗಿ ಹೇಳಿಸುವುದು. ರಮಾ ಓದಿದಳು: ಸೂಜಿ, ಮಳಿ, ಗೋಡಿ, ಶಾಲು, ಬಾವಿ, ದೀಪ, ಸೀರಿ, ಎಮ್ಮಿ, ಚಾಪಿ, ಮನಿ.

ಲಾಲಮ್ಮ ಬೆರಳು ಮಡಿಸುತ್ತ ಹೇಳಿದಳು. "ಪೂಜಿ, ಮಳಿ, ಗೋಡಿ, ಹಾಲು, ಬಾವಿ, ದೀಪ, ಕೇರಿ... ಮನಿ."

ಐದು ಸರಿ. ಮೂರು ಪಟ್ಟಿಯಲ್ಲೇ ಇಲ್ಲದ ಪದ. ರಮಾ ಎಂದಿನಂತೆ ನಿಟ್ಟುಸಿರಿನೊಡನೆ ಬರೆದುಕೊಂಡಳು. ಮೂರನೆಯ ಮನೆ ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಬೇವಿನ ಮರದ ಕೆಳಗಿನ ಹಾಸುಗಲ್ಲಿನ ಮೇಲೆ ಕೂತು ಅವಳು ರೊಟ್ಟಿಯ ಗಂಟು ಬಿಚ್ಚಿದಳು. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಅವನ ಚೀಲದಲ್ಲಿ ಒಂದು ಬಿಸ್ಕತ್ತಿನ ಪೊಟ್ಟಣವಿತ್ತು. ಅವಳು ಎರಡು ರೊಟ್ಟಿ ಅವನ ಕಡೆ ಸರಿಸಿದಳು.

"ವಾಡಿ ದಾಟಿ ಭಾಳ ಹೊತ್ತಾತು," ಎಂದ ಅವನು ಮೆಲ್ಲಗೆ. "ಈಗರ ನಾ ನಿನ್ನಿ ಮಾತು ಪೂರಾ ಮಾಡ್ಲೇನ್ರಿ?"

"ಮಾಡ್ರಿ."

ಅವನು ನೋಟ್‌ಬುಕ್ ಬಿಡಿಸಿದ. "ಪಟ್ಟಿಯೊಳಗ ಮೊದಲಿನ ಪದ ಎಲ್ಲಾರಿಗೂ ನೆನಪು ಉಳೀತದ, ನಡಕಿನವು ಮರೀತಾವ ಅಂತ ನೀವೇ ಬರದೀರಿ. ಚಿಂಚೋಳಿ ಕಡಿ ಅಂಕಿ ಹಂಗೇ ಅವ. ಆದ್ರ ರಾವೂರಾಗ ಎಲ್ಲಾರಿಗೂ ಮೊದಲಿನ ಪದಾನೇ ಹೋಗ್ಯಾದ. ಸೂಜಿ. ಆಮ್ಯಾಲ ಶಾಲು, ಸೀರಿ, ಚಾಪಿ. ತೊಂಬತ್ತಾರು ಮಂದಿಗಿ ಅವೇ ನಾಕು." ಅವನು ತಲೆಯೆತ್ತಿ ಅವಳನ್ನು ನೋಡಿದ. "ಮರವು ಹಿಂಗ ಆರಿಸ್ಕೊಂಡು ಮರೀತದೇನ್ರಿ? ನೀವು ಸುಳ್ಳು ಬರದೀರಿ ಅಂತ ನಾ ಕನಸಿನಾಗೂ ಅಂದಿಲ್ಲ. ಇದರಾಗ ಏನೋ ಅದ, ನನಗ ತಿಳೀವಲ್ದು ಅಂತ ಹೇಳ್ಲಿಕ್ಕೇ ಎದ್ದಿದ್ದೆ."

ರಮಾಳ ಕೈಯಲ್ಲಿನ ರೊಟ್ಟಿಯ ತುಣುಕು ಹಾಗೇ ಉಳಿಯಿತು. ಸೂಜಿ, ಶಾಲು, ಸೀರಿ, ಚಾಪಿ. ಅವಳು ಬಾಯಲ್ಲೇ ಅಂದುಕೊಂಡಳು. ಇನ್ನೊಮ್ಮೆ ಅಂದಳು. ಹಲ್ಲಿನ ಸಂದಿನಿಂದ ಸಣ್ಣ ಗಾಳಿ ಹೊರಟು ಹೋಗುವುದು ನಾಲಿಗೆಗೆ ತಿಳಿಯಿತು.

"ಪೂಜಿ," ಎಂದಳು. "ಲಾಲಮ್ಮ ಸೂಜಿಗಿ ಪೂಜಿ ಅಂದ್ಲು. ಶಾಲಿಗಿ ಹಾಲು. ಸೀರಿಗಿ ಕೇರಿ. ಅಕಿ ಮರತಿಲ್ರಿ! ಅಕಿ ಕೇಳಿದ್ದನ್ನೇ ಹೇಳ್ಯಾಳ. ಅಕಿಗಿ ಕೇಳಿಸಿದ್ದೇ ಹಂಗ!"

"ಅಂದ್ರ?"

"ಸ, ಶ, ಚ. ಇವು ಸಣ್ಣ, ಚೂಪು ಸಪ್ಪಳದ ಅಕ್ಷರ. ವರ್ಷಗಟ್ಟಲೆ ಯಂತ್ರದ ಬಾಜೂಕ ನಿಂತವರ ಕಿವ್ಯಾಗ ಮೊದಲು ಹೋಗೋದು ಇವೇ. ಉಳಿದದ್ದೆಲ್ಲ ಕೇಳಿಸ್ತದ, ಅದಕ್ಕೇ ಕಿವಿ ಮಂದ ಆಗ್ಯಾವಂತ ಅವರಿಗೇ ಗೊತ್ತಾಗಂಗಿಲ್ಲ!"

ಅವಳು ಅವನ ಮಣಿಕಟ್ಟು ಹಿಡಿದಿದ್ದಳು. ಯಾವಾಗ ಹಿಡಿದಳೋ ಅವಳಿಗೇ ಗೊತ್ತಿರಲಿಲ್ಲ. ಅವನು ಕೈ ಅಲುಗಿಸಲಿಲ್ಲ. ಹಕ್ಕಿ ಬಂದು ಕೂತಾಗ ಕೊಂಬೆ ಉಸಿರು ಬಿಗಿ ಹಿಡಿದಂತೆ ಕೂತಿದ್ದ. ರಮಾ ತಟ್ಟನೆ ಕೈ ತೆಗೆದು ರೊಟ್ಟಿ ಕಟ್ಟುವ ಬಟ್ಟೆಯನ್ನು ಮೂರು ಸಲ ಮಡಿಸಿದಳು.

ಕಿವಿಯ ಮೇಲೆ ಭರವಸೆಯಿಡದೆ ನೆನಪನ್ನು ಅಳೆಯುವುದು ಹೇಗೆ? ಚಿತ್ರ ತೋರಿಸಬೇಕು. ಖಾಲಿ ಫಾರ್ಮುಗಳ ಹಿಂದೆ ಅಲ್ಲೇ ಚಿತ್ರ ಬರೆಯಲು ಕೂತರು. ಅವಳು ಕೊಡ, ಹೂವು, ಮೀನು ಬರೆದಳು. ಅವನು ಆಕಳು ಬರೆದ. ಆ ಆಕಳನ್ನು ನೋಡಿ ರಮಾಳಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು ಬಂತು.

ತಿರುಗಿ ಲಾಲಮ್ಮನ ಮನೆಗೆ ಹೋಗಿ ಹತ್ತು ಹೊಸ ಚಿತ್ರ ತೋರಿಸಿದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರೆ ಮುದುಕಿ ಪಟಪಟ ಒಂಬತ್ತು ಹೇಳಿದಳು. ಹತ್ತನೆಯದಕ್ಕೆ ತಡವರಿಸಿ, "ಮತ್ತ ಆ ಹಂದಿ!" ಎಂದಳು.

"ಅದನ್ನೂ ಸರಿ ಅಂತ ಹಿಡೀಬೇಕು," ಎಂದ ಅಮರನಾಥ ತಲೆ ತಗ್ಗಿಸಿ. "ತಪ್ಪು ಅಕಿದಲ್ಲ."

ಅಲ್ಲಿಂದ ರಮಾ ನಡೆಯಲಿಲ್ಲ, ಓಡಿದಳು. ಅವಳ ಹಿಂದೆ ಚೀಲ ಹೊತ್ತ ಅಮರನಾಥ. ಮನೆಯ ಅಂಗಳದಲ್ಲಿ ವಿಠೋಬಾ ಹಗ್ಗ ಹೊಸೆಯುತ್ತಿದ್ದ. ಅವ್ವ ಹೀರಾಬಾಯಿ ಗಾಬರಿಯಿಂದ ಹೊರಗೆ ಬಂದಳು. ರಮಾ ಅಪ್ಪನ ಮುಂದೆ ಕೂತು ಒಂದೊಂದೇ ಚಿತ್ರ ತೋರಿಸಿದಳು. ಕೊನೆಯ ಚಿತ್ರವನ್ನು ಮಡಿಸಿಟ್ಟು, ಅವನಿಗೆ ಒಂದು ಲೋಟ ನೀರು ಕೊಟ್ಟು, ಅವನ ಕಣ್ಣೆದುರು ಮುಖವಿಟ್ಟು ನಿಧಾನವಾಗಿ ಕೇಳಿದಳು.

ವಿಠೋಬಾ ಹತ್ತಕ್ಕೆ ಹತ್ತೂ ಹೇಳಿದ. ಆಮೇಲೆ ಮಗಳ ಕೆನ್ನೆಯ ಮೇಲೆ ನೀರಿಳಿಯುವುದನ್ನು ಕಂಡು, "ಯಾಕಬೇ, ತಪ್ಪೇನಾತು?" ಎಂದ.

"ತಪ್ಪಾಗಿಲ್ಲಪಾ. ನಿನಗ ಮರವು ಇಲ್ಲ. ಕಿವಿ ಕೇಳ್ಸಂಗಿಲ್ಲ, ಅಷ್ಟೇ!"

ಹೀರಾಬಾಯಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. "ಹೌದ? ಸಕ್ರಿ ತಾ ಅಂದ್ರ ಅಕ್ಕಿ ತರ್ತಾನ ಅಂತ ನಾ ದಿನಾ ಬೈತಿದ್ದೆನಲ್ಲೋ ಯಪ್ಪಾ..."

ವಿಠೋಬಾ ಇಬ್ಬರ ಮುಖವನ್ನೂ ನೋಡಿ ಸಣ್ಣಗೆ ಹೇಳಿದ. "ನೀವೆಲ್ಲ ಇತ್ತಿತ್ಲಾಗ ನನ್ನ ಮುಂದ ಬಾಯಿ ಬಿಟ್ಟು ಮಾತಾಡಂಗಿಲ್ಲ ಅನ್ಕೊಂಡಿದ್ದೆ. ನಂದೇನೋ ತಪ್ಪಾಗಿರಬೇಕು ಅಂತ ಸುಮ್ಮನಿದ್ದೆ."

ಅಂಗಳದ ಮೂಲೆಯಲ್ಲಿ ನಿಂತಿದ್ದ ಅಮರನಾಥ ಬೇರೆ ಕಡೆ ತಿರುಗಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ರಮಾ ಅದನ್ನು ನೋಡಿದಳು. ಆ ಕ್ಷಣದಲ್ಲಿ ಅವಳ ಮನಸ್ಸಿನೊಳಗೆ ಏನೋ ತನ್ನ ಜಾಗ ಹುಡುಕಿಕೊಂಡು ಮೆತ್ತಗೆ ಕೂತುಬಿಟ್ಟಿತು.

ಮುಂದಿನದೆಲ್ಲ ಬೇಗ ನಡೆಯಿತು. ಕಿವಿ ತಜ್ಞೆ ಡಾಕ್ಟರ್ ಜಬೀನಾ ಯಂತ್ರಗಳ ವ್ಯಾನಿನೊಂದಿಗೆ ಬಂದು ಒಬ್ಬೊಬ್ಬರದೇ ಕಿವಿ ಪರೀಕ್ಷಿಸಿದರು. ಪರೀಕ್ಷೆಯ ಕಾಗದದ ಮೇಲೆ, ಸಣ್ಣ ಚೂಪು ಸಪ್ಪಳದ ಕಡೆ ಬಂದಂತೆ ಎಲ್ಲರ ಕೇಳುವ ಶಕ್ತಿಯ ಗೆರೆಯೂ ಬಾವಿಗಿಳಿದಂತೆ ಇಳಿಯುತ್ತಿತ್ತು. "ಮರವಿನ ಊರು ಅಂತ ವರದಿ ಬರೀಲಿಕ್ಕೆ ಹೊಂಟಿದ್ರಲ್ರಿ!" ಎಂದು ಅವರು ಸಿದ್ದಲಿಂಗೇಶ ಸರ್ ಮುಂದೆ ತಲೆಯಾಡಿಸಿದರು. ಸರ್ ಆ ವರದಿಯನ್ನು ಅಲ್ಲೇ ಹರಿದು, ಹೊಸದನ್ನು ರಮಾ ಮತ್ತು ಅಮರನಾಥ ಕೂಡಿ ಬರೆಯಲಿ ಎಂದರು.

ಕೂಡಿ ಬರೆಯುವುದೆಂದರೆ ಕೂಡಿ ಕೂರುವುದು. ಮಳೆಗಾಲವಿಡೀ ಒಂದೇ ಮೇಜು. ಅವನು ಅಂಕಿ ಹೇಳುವಾಗ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಆಮೇಲೆ ಮೇಜಿನ ಮೇಲೆಲ್ಲ ಹುಡುಕುತ್ತಿದ್ದ. ಅವಳು ಹೇಳದೆ ನೋಡುತ್ತ ಕೂರುತ್ತಿದ್ದಳು. ಅವನು ಕೊನೆಗೆ ಅವಳ ನಗು ಕಂಡು ಕಿವಿ ಮುಟ್ಟಿಕೊಳ್ಳುತ್ತಿದ್ದ. ಅವಳು ಶುಕ್ರವಾರ ಊರಿಗೆ ಹೋದರೆ ಅವನ ಶನಿವಾರಕ್ಕೆ ಕೆಲಸ ತೋಚುತ್ತಿರಲಿಲ್ಲ. ಇದನ್ನು ಅವಳಿಗೆ ಹೇಳಿದವರು ಜಬೀನಾ ಡಾಕ್ಟರ್. ಅವನು ಹೇಳಲಿಲ್ಲ.

ದೀಪಾವಳಿ ಕಳೆದ ವಾರ ರಾವೂರಿಗೆ ಕಿವಿಯ ಯಂತ್ರಗಳು ಬಂದವು. ಹಂಚಲು ಇಬ್ಬರೂ ಹೋದರು. ವಿಠೋಬಾನಿಗೂ ಒಂದು ಜೊತೆ. ಮೊದಲ ದಿನ ಅವನು ಪಾತ್ರೆಯ ಸಪ್ಪಳಕ್ಕೂ ಬೆಚ್ಚಿ ಬೀಳುತ್ತಿದ್ದ. ಎರಡನೆಯ ದಿನ ಕಟ್ಟೆಗೆ ಹೋಗಿ ಗೆಳೆಯರೊಡನೆ ಗಂಟೆಗಟ್ಟಲೆ ಕೂತು ಬಂದ. ಮೂರನೆಯ ದಿನ ಮಧ್ಯಾಹ್ನ ಊಟ ಮಾಡಿ ಪಡಸಾಲೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದ.

ಅಂಗಳದಲ್ಲಿ ರಮಾ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಅಮರನಾಥ ಹತ್ತಿರ ಬಂದು ನಿಂತ. ಪಡಸಾಲೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ಸೇಡಂ ಕಾಲೇಜಿಗಿ ಲೆಕ್ಚರರ್ ಅಂತ ಆರ್ಡರ್ ಬಂದದ್ರಿ. ಸೋಮವಾರ ಹೋಗಬೇಕು."

"ಚಲೋ ಆತಲ್ರಿ!" ಎಂದಳು. ಮಡಿಸಿದ ಲಂಗವನ್ನೇ ಬಿಚ್ಚಿ ಮತ್ತೆ ಮಡಿಸಿದಳು. "ಸೇಡಂ ಏನ್ ದೂರ? ವಾಡ್ಯಾಗ ಗಾಡಿ ಹತ್ತಿದ್ರ ಚಿತ್ತಾಪುರ ದಾಟಿ ಇಳಿಯೋದು."

"ಒಂದೇ ಮೇಜಿಗಿಂತ ದೂರ ಅದರಿ."

ಅವಳ ಕೈ ನಿಂತಿತು.

"ನಿಮಗ ಒಂದು ಮಾತು ಹೇಳಿಲ್ಲ," ಎಂದ ಅವನು. "ಆ ಸಭಾಕ ಬರೋಕಿಂತ ಮೊದಲೇ ಮೂರು ವಾರ ನಿಮ್ಮ ಫಾರ್ಮ್ ಓದೀನಿ. ನನಗ ಬೇಕಾಗಿದ್ದು ಬರೇ ಅಂಕಿ. ಆದ್ರ ನೀವು ಬಾಜೂಕ ಸಣ್ಣಾಗಿ ಬರದಿರ್ತಿದ್ರಿ. 'ಈ ಆಯಿ ಮಜ್ಜಿಗಿ ಕುಡಿಸದೆ ಬಿಡಲಿಲ್ಲ.' 'ಇವರ ಮಗ ತೀರಿ ವರ್ಷ ಆಗಿಲ್ಲ, ಮುಂದಿನ ಸಲ ಸುಮ್ಮನೆ ಮಾತಾಡಿಸಿ ಬರಬೇಕು.' ತೊಂಬತ್ತಾರೂ ಓದಿದೆ. ಹಿಂಗ ಬರೆಯೋರು ಒಂದು ಅಂಕೀನೂ ಸುಳ್ಳು ಬರಿಯಂಗಿಲ್ಲ ಅಂತ ನನಗ ಗೊತ್ತಿತ್ತು. ನಿಮ್ಮನ್ನ ನೋಡೋಕಿಂತ ಮೊದಲೇ... ನಾ ನಿಮ್ಮನ್ನ ಭಾಳ..."

ಅಲ್ಲಿಗೆ ಅವನ ಮಾತು ಕಟ್ಟಿತು. ತಂತಿಯ ಮೇಲೆ ಕೊನೆಯ ಬಟ್ಟೆ ಗಾಳಿಗೆ ಪಟಪಟ ಎನ್ನುತ್ತಿತ್ತು.

"ಭಾಳ, ಮುಂದೇನು? ಪೂರಾ ಹೇಳಪಾ!" ಎಂಬ ದನಿ ಪಡಸಾಲೆಯಿಂದ ಬಂತು.

ಇಬ್ಬರೂ ಬೆಚ್ಚಿ ತಿರುಗಿದರು. ವಿಠೋಬಾ ಕಣ್ಣು ಮುಚ್ಚಿಕೊಂಡೇ ಇದ್ದ. ಮೀಸೆ ಮಾತ್ರ ನಗುತ್ತಿತ್ತು. ಅಡುಗೆಮನೆಯಿಂದ ಹೀರಾಬಾಯಿ ಗದರಿದಳು. "ಸುಮ್ಮ ಮಲಕೋ! ಕಿವಿ ಬಂದಾವಂತ ಎಲ್ಲಾ ಕೇಳ್ತಾರೇನು?"

"ಕೇಳ್ಸಿದ್ರ ಏನ್ ಮಾಡ್ಲಿ? ಹುಡುಗಿ, ನೀನರ ಹೇಳು. ಅಂವ ನಿಂತು ನಿಂತು ಒಣಗಲಿಕತ್ತಾನ."

ಅಮರನಾಥ ಓಡಿಹೋಗಲು ದಾರಿ ಹುಡುಕುವವನಂತೆ ಅತ್ತಿತ್ತ ನೋಡಿದ. ರಮಾ ಬಟ್ಟೆಯ ರಾಶಿಯನ್ನು ಹಾಸುಗಲ್ಲಿನ ಮೇಲಿಟ್ಟಳು. ಅವನ ತೋಳು ಹಿಡಿದು ಅವನನ್ನು ಬಗ್ಗಿಸಿದಳು. ಅಪ್ಪನ ಹೊಸ ಯಂತ್ರಕ್ಕೂ ಸಿಗದಷ್ಟು ಮೆಲ್ಲಗೆ, ಅವನು ಅರ್ಧಕ್ಕೆ ಬಿಟ್ಟ ಮಾತನ್ನು ತಾನೇ ಪೂರಾ ಮಾಡಿ ಅವನ ಕಿವಿಯಲ್ಲಿ ಹೇಳಿದಳು.

ಅವನು ನೆಟ್ಟಗೆ ನಿಂತ. ಆಮೇಲೆ ಬಹಳ ಗಂಭೀರವಾಗಿ, "ಇನ್ನೊಂದು ಸಲ ಹೇಳ್ರಿ," ಎಂದ.

"ಯಾಕ, ಕೇಳ್ಸಲಿಲ್ಲೇನು?"

"ಕೇಳ್ಸಿತು. ಮತ್ತೊಮ್ಮೆ ಕೇಳಬೇಕನಿಸ್ಲಿಕತ್ತದ."

ರಮಾ ಅವನನ್ನು ನೋಡಿದಳು, ಪಡಸಾಲೆಯನ್ನು ನೋಡಿದಳು, ಅಡುಗೆಮನೆಯ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲೇ ನಿಂತ ಅವ್ವನನ್ನು ನೋಡಿದಳು. ನಕ್ಕು, ಎದೆ ತುಂಬ ಉಸಿರೆಳೆದುಕೊಂಡು, ಈ ಸಲ ಇಡೀ ಓಣಿಗೆ ಕೇಳುವ ಹಾಗೆ ಅದೇ ಮಾತು ಹೇಳಿದಳು.