ಅತ್ತೆಯ ಬೇಸ್ ಗಿಟಾರು ಮತ್ತು ನಾಲ್ಕು ಸೋಮವಾರ

"ಇದು ಮಾತಾಡ್ತಾ ಇಲ್ಲ!"

ಕಿವಿಯಂತ್ರದ ಅಂಗಡಿಯ ಗಾಜಿನ ಬಾಗಿಲನ್ನು ಬೆನ್ನಿನಿಂದಲೇ ತಳ್ಳಿಕೊಂಡು ಒಳಗೆ ಬಂದ ಅವಳು, ತನಗಿಂತ ಒಂದು ಗೇಣಷ್ಟೇ ಗಿಡ್ಡವಾಗಿದ್ದ ಕಪ್ಪು ಚೀಲವನ್ನು ಕೌಂಟರಿನ ಮೇಲೆ ಮಲಗಿಸಿ ಏದುಸಿರು ಬಿಟ್ಟಳು.

ಕೌಂಟರಿನ ಹಿಂದೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದವನು ತಲೆಯೆತ್ತಿದ. ಗಾಜಿನೊಳಗಿಂದ ಅವನ ಒಂದು ಕಣ್ಣು ಕಿತ್ತಳೆಹಣ್ಣಿನಷ್ಟು ದೊಡ್ಡದಾಗಿ ಕಂಡಿತು.

"ಯಾರು ಮಾತಾಡ್ತಾ ಇಲ್ಲ?"

"ಗಿಟಾರು."

"ರೀ... ಇದು ಕಿವಿಯಂತ್ರದ ಅಂಗಡಿ."

"ಗೊತ್ತು ರೀ. ಹೊರಗೆ ಬೋರ್ಡ್ ಹಾಕಿದೀರಲ್ಲ, 'ಕೇಳಿಸುತ್ತಿಲ್ಲವೇ? ಒಳಗೆ ಬನ್ನಿ' ಅಂತ. ಇದು ಕೇಳಿಸ್ತಾ ಇಲ್ಲ. ಒಳಗೆ ಬಂದಿದೀನಿ!"

"ಹುಡುಗಿ ಜೋರಿದಾಳೆ ಕಣಯ್ಯಾ," ಎಂದು ಹೊಸ ಕಿವಿಯಂತ್ರಕ್ಕೆ ಕಾಯುತ್ತಾ ಬೆಂಚಿನ ಮೇಲೆ ಕೂತಿದ್ದ ನೆರೆಮನೆಯ ಮೇಷ್ಟ್ರು ತಾತ ಪಿಸುಗುಟ್ಟಿದರು. ಪಿಸುಗುಟ್ಟಿದ್ದು ಅಂತ ಅವರು ಅಂದುಕೊಂಡಿದ್ದು! ರಸ್ತೆಯಾಚೆಯ ಸೈಕಲ್ ಅಂಗಡಿಯವನು ಪಂಪು ಬಿಟ್ಟು ಇತ್ತ ತಿರುಗಿ ನೋಡಿದ.

ಅವಳ ಕಿವಿ ಕೆಂಪಾಯಿತು. ಆದರೂ ಜಾಗ ಬಿಟ್ಟು ಕದಲಲಿಲ್ಲ. ಊರಿನಲ್ಲಿದ್ದ ಒಂದೇ ಒಂದು ವಾದ್ಯದ ಅಂಗಡಿ ಮುಚ್ಚಿ ಅಲ್ಲೀಗ ಚಪ್ಪಲಿ ಮಾರುತ್ತಿದ್ದರು. ಚಪ್ಪಲಿಯವನ ಹತ್ತಿರ ಗಿಟಾರು ತೋರಿಸಲಾದೀತೇ?

"ನಮ್ಮ ಸೋದರತ್ತೆಯದು," ಅಂದಳು, ಈ ಸಲ ಮೆತ್ತಗೆ. "ಹರೆಯದಿಂದಲೂ ಆರ್ಕೆಸ್ಟ್ರಾದಲ್ಲಿ ಬಾರಿಸ್ತಿದ್ರು. ನನಗೆ ನಾಲ್ಕು ವರ್ಷ ಇದ್ದಾಗ ಅಪ್ಪ ಅಮ್ಮ ಇಬ್ಬರೂ ಹೋದ್ರು. ನನ್ನನ್ನ ಮನೆಗೆ ಕರ್ಕೊಂಡು ಬಂದ ವಾರವೇ ಇದನ್ನ ಚೀಲಕ್ಕೆ ಹಾಕಿಟ್ರಂತೆ. ಮಗು ಬಿಟ್ಟು ಊರೂರು ಸುತ್ತೋಕಾಗಲ್ಲವಲ್ಲ... ನಿನ್ನಿಂದಾಗಿ ಬಿಟ್ಟೆ ಅಂತ ಇವತ್ತಿನವರೆಗೂ ಒಂದು ಮಾತು ಆಡಿಲ್ಲ."

ಅವನು ಭೂತಗನ್ನಡಿ ತೆಗೆದ. ಕಣ್ಣು ಸಾಮಾನ್ಯ ಗಾತ್ರಕ್ಕೆ ಬಂತು. ಸಾಮಾನ್ಯ ಗಾತ್ರದಲ್ಲಿ ಇನ್ನೂ ಚೆನ್ನಾಗಿತ್ತು ಎಂದು ಅವಳ ಮನಸ್ಸು ಹೇಳಿತು. 'ಸುಮ್ಮನಿರೇ!' ಎಂದು ಮನಸ್ಸನ್ನು ಗದರಿಸಿದಳು.

"ಅತ್ತೆಗೆ ಈಗ ಕಿವಿ ಮಂದ. ಮಾತು ಸರಿಯಾಗಿ ಕೇಳಿಸಲ್ಲ. ಆದ್ರೆ ಲಾರಿ ಹೋದ್ರೆ ಕೇಳಿಸುತ್ತೆ, ಗುಡುಗು ಕೇಳಿಸುತ್ತೆ. ದಪ್ಪ ದನಿ ಎಲ್ಲಾ ಕೇಳಿಸುತ್ತೆ! ಈ ಬೇಸ್ ಗಿಟಾರಿಂದೂ ದಪ್ಪ ದನಿಯೇ. ಮುಂದಿನ ತಿಂಗಳು ಅವರಿಗೆ ಅರವತ್ತು. ಅವತ್ತು ಇದರ ದನಿ ಅವರಿಗೆ ಮತ್ತೆ ಕೇಳಿಸಬೇಕು. ನಾನೇ ಒಂದು ಹಾಡು ಕಲಿತು ಬಾರಿಸ್ತೀನಿ. ಆಗುತ್ತಾ?"

ಅವನು ಗಿಟಾರನ್ನು ಬೋರಲು ಮಲಗಿಸಿ ಬೆನ್ನಿನ ಪುಟ್ಟ ಮುಚ್ಚಳ ತೆಗೆದ.

ಅಜ್ಜಿ ಕಥೆಯಲ್ಲಿ ಏಳು ಸಮುದ್ರದಾಚೆ ಗಿಳಿಯೊಳಗೆ ಪ್ರಾಣ ಇಟ್ಟ ರಾಕ್ಷಸ ಬರುತ್ತಾನಲ್ಲ, ಹಾಗೆ ಈ ಗಿಟಾರಿನ ಪ್ರಾಣ ಆ ಮುಚ್ಚಳದ ಹಿಂದಿನ ಚೌಕದ ಬ್ಯಾಟರಿಯಲ್ಲಿತ್ತು. ಅದು ಯಾವ ಕಾಲದಲ್ಲೋ ಒಡೆದು ಹಸಿರು ಕಿಲುಬು ಕಾರಿಕೊಂಡು ಸತ್ತಿತ್ತು!

"ಎಲ್ಲ ಬೇಸ್ ಗಿಟಾರಿಗೂ ಬ್ಯಾಟರಿ ಇರಲ್ಲ. ಇದು ಆಕ್ಟಿವ್ ಅನ್ನೋ ಜಾತಿ. ಒಳಗೇ ದನಿ ದೊಡ್ಡದು ಮಾಡೋ ಸರ್ಕ್ಯೂಟ್ ಇದೆ. ನಮ್ಮ ಕಿವಿಯಂತ್ರದ ದೊಡ್ಡಣ್ಣ ಇದ್ದ ಹಾಗೆ," ಎಂದ.

ಕಿಲುಬು ಕೆರೆದ. ತುದಿಗಳನ್ನು ಉಜ್ಜಿದ. ಒಳಗೆ ಕಿತ್ತುಹೋಗಿದ್ದ ವೈರಿಗೆ ಬೆಸುಗೆ ಹಾಕಿದ. ಹೊಸ ಬ್ಯಾಟರಿ ಕೂರಿಸಿ, ವೈರಿನ ಒಂದು ತುದಿಯನ್ನು ಗಿಟಾರಿಗೂ ಇನ್ನೊಂದನ್ನು ಕಿವಿ ಪರೀಕ್ಷೆಯ ದೊಡ್ಡ ಸ್ಪೀಕರಿಗೂ ಚುಚ್ಚಿದ.

"ಬಾರಿಸಿ."

ಅವಳು ದಪ್ಪನೆಯ ತಂತಿಯನ್ನು ಹೆಬ್ಬೆರಳಿನಿಂದ ಮೀಟಿದಳು.

ದುಂ...

ಷೋಕೇಸಿನ ಗಾಜು ನಡುಗಿತು. ಕೌಂಟರಿನ ಮೇಲಿದ್ದ ಪುಟಾಣಿ ಸ್ಕ್ರೂಗಳು ತಟ್ಟೆಯಲ್ಲಿ ಕುಣಿದವು. ಆ ದನಿ ಅವಳ ಅಂಗಾಲಿನಿಂದ ಹತ್ತಿ ಹೊಟ್ಟೆಗೆ ಬಂತು.

"ಯಾರೋ ಕರೆದ್ರಲ್ಲ?" ಎಂದರು ಮೇಷ್ಟ್ರು ತಾತ, ಎದ್ದೇ ನಿಂತು. ಬೆಳಗಿನಿಂದ ಅವರಿಗೆ ಒಂದು ಶಬ್ದವೂ ಕೇಳಿಸಿರಲಿಲ್ಲ!

ಅವಳೂ ಅವನೂ ಒಟ್ಟಿಗೆ ನಕ್ಕುಬಿಟ್ಟರು.

"ಒಂದು ಮಾತು, ಈ ವೈರ್ ಚುಚ್ಚೋ ತೂತು ಸ್ವಲ್ಪ ಸಡಿಲ ಇದೆ. ಹುಷಾರು," ಎಂದು ವೈರನ್ನೂ ಒಂದು ಹಳೆಯ ಸ್ಪೀಕರನ್ನೂ ಜೊತೆಗೆ ಕೊಟ್ಟು ಕಳಿಸಿದ.

ಅವಳು ಹುಷಾರಾಗಿದ್ದಳು. ಎಷ್ಟು ಹುಷಾರು ಅಂದರೆ, ಚುಚ್ಚಿದ ವೈರನ್ನು ಮತ್ತೆ ಕೀಳಲೇ ಇಲ್ಲ!

ಅವಳ ಕೆಲಸ ಪರದೆ ಹೊಲಿಯುವ ಅಂಗಡಿಯಲ್ಲಿ. ಊಟದ ಬಿಡುವಿನಲ್ಲಿ ಹಿಂದಿನ ಗೋದಾಮಿನಲ್ಲಿ ಬಟ್ಟೆಯ ಸುರುಳಿಗಳ ನಡುವೆ ಕೂತು ಅಭ್ಯಾಸ ಮಾಡುತ್ತಿದ್ದಳು. ಮುಗಿದ ಮೇಲೆ ವೈರಿನ ಸಮೇತ ಗಿಟಾರಿಗೆ ಮಖಮಲ್ಲು ಹೊದಿಸಿ ಮಲಗಿಸುತ್ತಿದ್ದಳು.

ಎರಡನೇ ಸೋಮವಾರ ಗಿಟಾರು ಮತ್ತೆ ಮೂಗ.

ಅವಳು ಚೀಲ ಬಿಚ್ಚಿದಾಗ ಅವನು ಜೋತಾಡುತ್ತಿದ್ದ ವೈರನ್ನೇ ನೋಡಿದ. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳು, "ನಿಮ್ಮ ಮುಖ ನೋಡಿದ್ರೇನೇ ಧೈರ್ಯ ಬರುತ್ತೆ ನೋಡಿ, ಸರಿ ಮಾಡೇ ಮಾಡ್ತೀರ!" ಎಂದು ಕೆನ್ನೆಯಲ್ಲಿ ಗುಳಿ ಬೀಳುವಂತೆ ನಕ್ಕಳು.

ಅವನು ತೆರೆದ ಬಾಯಿ ಮುಚ್ಚಿದ. ಬ್ಯಾಟರಿ ಬದಲಿಸಿದ.

ಮೂರನೇ ಸೋಮವಾರ, ಮತ್ತದೇ ಕಥೆ. ಈ ಸಲ ಚಹಾ ಬಂತು. ಅವನಿಗೆ ಪಾರಿವಾಳದ ಗುಟುರು ಇಷ್ಟ, ಪ್ರೆಷರ್ ಕುಕ್ಕರಿನ ಸೀಟಿ ಕಂಡರಾಗದು ಎಂದೆಲ್ಲ ಅವಳಿಗೆ ಗೊತ್ತಾಯಿತು.

ನಾಲ್ಕನೇ ಸೋಮವಾರ ಅವಳು ಕನ್ನಡಿ ಮುಂದೆ ಎರಡು ಸಲ ಬಟ್ಟೆ ಬದಲಿಸಿ ಬಂದಿದ್ದಳು. ಗಿಟಾರು ರಿಪೇರಿಗೆ!

"ಈ ಭಾನುವಾರವೇ ಅತ್ತೆಯ ಹುಟ್ಟುಹಬ್ಬ. ನಡುವೆ ಕೈಕೊಟ್ಟರೆ?" ಎಂದಳು.

"ಶುರುವಾಗೋಕೆ ಮುಂಚೆ ನಾನೇ ಬಂದು ಹೊಸ ಬ್ಯಾಟರಿ ಹಾಕ್ತೀನಿ."

"ನಾನೂ ಬರ್ತೀನಿ!" ಎಂದರು ತುಟಿಯಾಟ ನೋಡಿಯೇ ಊಹಿಸಿದ ಮೇಷ್ಟ್ರು ತಾತ, ಯಾರೂ ಕರೆಯದಿದ್ದರೂ.

ಭಾನುವಾರ ಹನ್ನೊಂದು ಗಂಟೆ. ಮನೆಯ ನಡುಕೋಣೆಯಲ್ಲಿ ನೆಂಟರು, ನೆರೆಯವರು. ಮರದ ಕುರ್ಚಿಯಲ್ಲಿ ಅತ್ತೆ. ಕಿವಿಯಂತ್ರ ಹಾಕಿಕೊಳ್ಳಿ ಅಂದರೆ "ಕಿವೀಲಿ ಜಿರಲೆ ಬಿಟ್ಟ ಹಾಗಾಗುತ್ತೆ" ಎನ್ನುವ ಹೆಂಗಸು. ಎಲ್ಲರ ತುಟಿ ನೋಡುತ್ತಾ ಅರ್ಥವಾದವರಂತೆ ತಲೆಯಾಡಿಸುತ್ತಿದ್ದರು.

ಅವನು ಬಂದಿರಲಿಲ್ಲ. ಅವಳು ಬಾಗಿಲು ನೋಡಿದಳು, ಗಡಿಯಾರ ನೋಡಿದಳು. ಕಾಯಲಾಗದೆ ಗಿಟಾರು ಹೊರತಂದು ವೈರನ್ನು ಸ್ಪೀಕರಿಗೆ ಚುಚ್ಚಿದಳು.

ಅತ್ತೆಯ ಮುಖದಲ್ಲಿದ್ದ ನಗು ಹಾಗೇ ನಿಂತುಹೋಯಿತು.

ದುಂ... ದುಂ ದುಂ...

ಅತ್ತೆಯ ಅಂಗೈ ಕುರ್ಚಿಯ ಕೈಯ ಮೇಲೆ ಒತ್ತಿಕೊಂಡಿತು. ಕಣ್ಣು ಅಗಲವಾಯಿತು. ಅವಳ ಎದೆ ಹಿಗ್ಗಿ ಹೂವಾಯಿತು. 'ಕೇಳಿಸ್ತಿದೆ! ಅತ್ತೆಗೆ ಕೇಳಿಸ್ತಿದೆ!'

ಆಗ ಗಿಟಾರು ಕೆಮ್ಮಿತು. ಗೊರಕೆ ಹೊಡೆಯಿತು. ಆಮೇಲೆ ಅದೂ ಇಲ್ಲ.

ಬಾಗಿಲಲ್ಲಿ ಅವನು ಓಡುತ್ತಾ ಬಂದು ನಿಂತ, ಕೈಯಲ್ಲಿ ಬ್ಯಾಟರಿ, ಬೆನ್ನ ಹಿಂದೆ ಮೇಷ್ಟ್ರು ತಾತ. "ತಾತ... ಶರ್ಟು ಆಯ್ಕೆ ಮಾಡೋಕೆ... ಒಂದು ಗಂಟೆ..." ಎಂದು ಏದುಸಿರಿನಲ್ಲಿ ತೊದಲಿದ.

ಅತ್ತೆ ಎದ್ದರು. ನೇರವಾಗಿ ಬಂದು ಗಿಟಾರಿನಿಂದ ವೈರನ್ನು ಸರಕ್ಕನೆ ಕಿತ್ತರು.

"ಇದನ್ನ ದಿನಾ ಕಿತ್ತಿಡ್ತೀಯೇನೇ?"

"ಇಲ್ಲ ಅತ್ತೆ... ತೂತು ಸಡಿಲ ಇದೆ ಅಂತ..."

ಅತ್ತೆ ಅವಳ ತುಟಿಯನ್ನೇ ಓದಿದರು. "ಅಯ್ಯೋ ಹುಚ್ಚಿ! ವೈರು ಚುಚ್ಚಿದ್ದರೆ ಬಾರಿಸದಿದ್ರೂ ಬ್ಯಾಟರಿ ಖರ್ಚಾಗಿಹೋಗುತ್ತೆ. ಆಕ್ಟಿವ್ ಬೇಸ್ ಮುಟ್ಟಿದವರಿಗೆಲ್ಲ ಮೊದಲ ದಿನವೇ ಹೇಳ್ಕೊಡ್ತಾರೆ. ರಿಪೇರಿ ಮಾಡಿದ ಮಹಾನುಭಾವ ಹೇಳಲಿಲ್ವಾ?"

ಕೋಣೆಯಲ್ಲಿದ್ದವರೆಲ್ಲ ಮಹಾನುಭಾವನ ಕಡೆ ತಿರುಗಿದರು.

ಅವನ ಮುಖ ಬೆಂದ ಬೀಟ್‌ರೂಟಿನಂತಾಯಿತು. ಅವಳಿಗೆ ಎಲ್ಲಾ ಒಮ್ಮೆಲೇ ಹೊಳೆಯಿತು. ಗೊತ್ತಿತ್ತು... ಇವನಿಗೆ ಮೊದಲೇ ಗೊತ್ತಿತ್ತು!

ಅತ್ತೆ ಅವನ ಕೈಯಿಂದ ಬ್ಯಾಟರಿ ಕಸಿದುಕೊಂಡು ಉಗುರಿನಿಂದಲೇ ಮುಚ್ಚಳ ಎಬ್ಬಿಸುತ್ತಿದ್ದರೆ, ಅವಳು ಅವನನ್ನು ಕೋಣೆಯ ಆಚೆ ಮೂಲೆಗೆ ಎಳೆದೊಯ್ದಳು.

"ಚೀಲ ಹೊತ್ತು ಹೊತ್ತು ನನ್ನ ಭುಜ ಬಿದ್ದುಹೋಗಿದೆ! ಇವತ್ತೊಂದು ದಿನಕ್ಕೋಸ್ಕರ ಒಂದು ತಿಂಗಳು ಒದ್ದಾಡಿದೀನಿ. ಅತ್ತೆ ಮುಂದೆ ಹೀಗಾಯ್ತು. ನನ್ನನ್ನ ಆಟ ಆಡಿಸಿದ್ರಾ?" ಅವಳ ಕಣ್ಣು ತುಂಬಿ ಬಂತು.

"ಇಲ್ಲ ರೀ... ಆಣೆಗೂ ಇಲ್ಲ. ಎರಡನೇ ಸೋಮವಾರವೇ ಹೇಳೋಕೆ ಹೊರಟಿದ್ದೆ. ಹೇಳಿಬಿಟ್ರೆ ನೀವು ಮತ್ತೆ ಬರಲ್ವಲ್ಲ ಅಂತ... ನಾಲಿಗೆ ಏಳಲಿಲ್ಲ. ಅದು ಸ್ವಾರ್ಥ. ತಪ್ಪು. ನಿಮ್ಮ ಅತ್ತೆಗೆ ಅಂತ ನೀವು ಇಷ್ಟು ಕಷ್ಟಪಡ್ತಿದ್ರೂ ನಾನು ಸೋಮವಾರ ಎಣಿಸ್ತಾ ಕೂತಿದ್ದೆ." ಅವನ ದನಿ ಇನ್ನೂ ತಗ್ಗಿತು, ಅವಳಿಗೇ ಸರಿಯಾಗಿ ಕೇಳಿಸದಷ್ಟು. "ನೀವಂದ್ರೆ... ನನಗೆ ತುಂಬಾ ಇಷ್ಟ."

"ಇಷ್ಟ ಅಂತೆ!"

ಕೋಣೆಯ ಈಚೆ ತುದಿಯಿಂದ ಮೇಷ್ಟ್ರು ತಾತ ಕೂಗಿದರು. "ತುಂಬಾ ಇಷ್ಟ ಅಂತೆ ಕಣ್ರೀ ಹುಡುಗೀನ! ಸ್ಪಷ್ಟವಾಗಿ ಕೇಳಿಸ್ತು!"

"ತಾತಾ!!" ಎಂದ ಅವನು.

"ನನ್ನ ಮೇಲ್ಯಾಕೋ ರೇಗ್ತೀಯ? ನಿನ್ನೆ ಯಂತ್ರ ಇಷ್ಟು ಚೆನ್ನಾಗಿ ಕೂರಿಸಿದೋನು ನೀನೇ ತಾನೇ!"

ಕೋಣೆಗೆ ಕೋಣೆಯೇ ಘೊಳ್ಳೆಂದಿತು. ಅವಳು ಅಳು ತಡೆಯಲು ಹೋಗಿ ನಗು ಉಕ್ಕಿಸಿಕೊಂಡಳು. ಎರಡೂ ಸೇರಿ ಮೂಗಿನಿಂದ ವಿಚಿತ್ರ ಶಬ್ದವೊಂದು ಹೊರಟಿತು. ಅದನ್ನೂ ತಾತ ಕೇಳಿಸಿಕೊಂಡರು.

ಆಗಲೇ ನೆಲ ನಡುಗಿತು.

ದುಂ... ದುದುಂ... ದುಂ!

ಅದು ಅವಳ ಬಾರಿಸುವಿಕೆಯಲ್ಲ. ಅವಳು ಮೀಟಿದ್ದು ಹುಡುಕಾಟವಾದರೆ, ಇದು ನಡಿಗೆ! ವೈರನ್ನು ಮತ್ತೆ ಚುಚ್ಚಿ, ಗಿಟಾರಿನ ಪಟ್ಟಿಯನ್ನು ಹೆಗಲಿಗೇರಿಸಿಕೊಂಡು ಅತ್ತೆ ನಿಂತಿದ್ದರು. ಕಣ್ಣು ಮುಚ್ಚಿತ್ತು. ಇಪ್ಪತ್ತೆರಡು ವರ್ಷ ಚೀಲದಲ್ಲಿದ್ದ ದನಿ ಅವರ ಬೆರಳ ತುದಿಗೆ ಒಂದೊಂದಾಗಿ ಮರಳುತ್ತಿತ್ತು. ಮೊದಲು ಒಂದೆರಡು ಕಡೆ ಎಡವಿತು, ಆಮೇಲೆ ಎಡವಲಿಲ್ಲ. ಕೆನ್ನೆಯ ಮೇಲೆ ಇಳಿದ ನೀರನ್ನು ಒರೆಸಿಕೊಳ್ಳಲು ಅವರ ಕೈಗೆ ಬಿಡುವಿರಲಿಲ್ಲ.

ಅವಳು ಹೋಗಿ ತನ್ನ ಸೆರಗಿನಿಂದ ಒರೆಸಿದಳು.

"ಅದೇ ದನಿ ಕಣೇ," ಎಂದರು ಅತ್ತೆ, ಕೈ ನಿಲ್ಲಿಸದೆ. "ಒಂದು ಚೂರೂ ಬದಲಾಗಿಲ್ಲ. ಯಾರು ಬದುಕಿಸಿದ್ದು? ಆ ಬೀಟ್‌ರೂಟಾ?"

ಅವಳು ತಲೆಯಾಡಿಸಿದಳು.

"ಕಳ್ಳ. ಆದ್ರೆ ಬೆಸುಗೆ ಚೆನ್ನಾಗಿ ಹಾಕಿದಾನೆ. ಹೋಗು, ಅಲ್ಲಿ ಒಬ್ಬನೇ ಬೆವರ್ತಾ ನಿಂತಿದಾನೆ."

ಅವಳು ಅವನ ಪಕ್ಕ ಹೋಗಿ ಗೋಡೆಗೊರಗಿ ನಿಂತಳು.

"ಕೋಪ ಹೋಯ್ತಾ?" ಎಂದ ಅವನು.

"ಅರ್ಧ."

"ನಾಳೆ ಸೋಮವಾರ..."

"ನಾಳೆ ಯಾಕೆ ಬರಲಿ? ಗಿಟಾರು ಇನ್ನು ಅತ್ತೆ ಕೈಲಿರುತ್ತೆ. ಏನೂ ಕೆಟ್ಟಿಲ್ಲವಲ್ಲ."

"ಅದಕ್ಕೇ ಕೇಳ್ತಿದೀನಿ," ಎಂದ ಅವನು, ಅವಳತ್ತ ನೋಡುವ ಧೈರ್ಯವಿಲ್ಲದೆ. "ಏನೂ ಕೆಡದಿದ್ರೂ... ಬರ್ತೀರಾ?"

ಅವಳು ಉತ್ತರ ಕೊಡುವ ಮುಂಚೆ ಮೇಷ್ಟ್ರು ತಾತನ ಕಡೆ ಒಮ್ಮೆ ನೋಡಿದಳು. ಆಮೇಲೆ ಅವನ ಕಿವಿಯ ಹತ್ತಿರಕ್ಕೆ, ಯಾವ ಯಂತ್ರಕ್ಕೂ ಎಟುಕದಷ್ಟು ಹತ್ತಿರಕ್ಕೆ ಬಾಗಿದಳು.

"ಬರ್ತೀನಿ... ಮಂಗಳವಾರಾನೂ."